ದಾಕ್ಷಾಯಿಣಿ ಒಡೆಸಿದ ಗೋಡೆ

ಇಸಳೂರಿನ ದಾಕ್ಷಾಯಿಣಿಗೆ ಅವಸರವಿತ್ತು. ಶಿರಸಿಯ ಒಂದು ಹಾಸ್ಟೆಲ್ಲಿನವರು ಬರುವ ತಿಂಗಳ ಒಂದನೇ ತಾರೀಖಿನಿಂದ ದಿನಕ್ಕೆ ಮುನ್ನೂರು ಜೋಳದ ರೊಟ್ಟಿ ಬೇಕೆಂದಿದ್ದರು. ನಾಲ್ಕು ಹೆಂಗಸರು ಕೂತು ರೊಟ್ಟಿ ಬಡಿಯುವಷ್ಟು ಜಾಗ ಅವಳ ಅಡುಗೆಮನೆಯಲ್ಲಿರಲಿಲ್ಲ. ಪಕ್ಕದ ಸಾಮಾನಿನ ಕೋಣೆಗೂ ಅಡುಗೆಮನೆಗೂ ನಡುವಿದ್ದ ಗೋಡೆ ತೆಗೆಸಿದರೆ ಜಾಗವಾಗುತ್ತಿತ್ತು.

ಗುತ್ತಿಗೆದಾರರು ಇಬ್ಬರು ಬಂದು ನೋಡಿದರು. ಮೊದಲು ಬಂದವನು ಪ್ರಮೋದ. ಗೋಡೆಯನ್ನು ಬಡಿದು ನೋಡಿದ, ತಾರಸಿ ಹತ್ತಿ ಇಳಿದ. “ಸ್ಲ್ಯಾಬಿನ ಭಾರ ಈ ಗೋಡಿ ಮ್ಯಾಲ ಕುಂತೈತ್ರಿ ಅಕ್ಕಾರ. ಮೊದಲ ಇಂಜಿನಿಯರಿಗೆ ತೋರಿಸಿ ಬೀಮ್ ಹಾಕಬೇಕು, ಆಮ್ಯಾಲ ಒಡೀಬೇಕು. ತಿಂಗಳ ಮ್ಯಾಲ ಹಿಡಿತೈತಿ” ಎಂದ.

ಎರಡನೆಯವನು ಸತೀಶ, ಗಂಡ ಸುಭಾಷನ ಗೆಳೆಯ. ಅವನು ಒಳಗೆ ಬಂದದ್ದೇ ನಕ್ಕುಬಿಟ್ಟ. “ಇದು ಬರೇ ಅಡ್ಡಗೋಡಿ, ವೈನಿ. ಹನ್ನೆರಡ ದಿನದಾಗ ಮುಗಿಸಿ ಕೊಡ್ತೀನಿ.”

ದಾಕ್ಷಾಯಿಣಿಗೆ ಅನುಮಾನವಿತ್ತು. ಮದುವೆಗೆ ಮುಂಚೆ ಬನವಾಸಿ ಕಡೆ ತಾಯಿಯ ಜೊತೆ ಆರು ವರ್ಷ ಕಟ್ಟಡದ ಕೂಲಿಗೆ ಹೋದವಳು ಅವಳು. ಸ್ಲ್ಯಾಬ್ ಹಾಕುವ ದಿನ ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತು ಏಣಿ ಹತ್ತಿದವಳು. ಆದರೆ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ಮಾತು ಎತ್ತಿದವಳಲ್ಲ. ಸೊಸೆ ಕೂಲಿ ಮಾಡಿದವಳೆಂದು ನಾಲ್ಕು ಜನ ಆಡುವುದು ಅತ್ತೆ ಗಿರಿಜವ್ವನಿಗೆ ಸೇರುತ್ತಿರಲಿಲ್ಲ. ಆದರೂ ಒಮ್ಮೆ ಕೇಳಿದಳು: “ಭಾರ ತಡೀತೈತೇನ್ರಿ?”

“ರೊಟ್ಟಿ ಚಿಂತಿ ನಿಮಗಿರಲಿ, ಗೋಡಿ ಚಿಂತಿ ನನಗ ಬಿಡ್ರಿ” ಎಂದ ಸತೀಶ. ಸುಭಾಷ್ ಕೂಡ ನಕ್ಕ. ಅವಳು ಕೆಲಸ ಸತೀಶನಿಗೇ ಒಪ್ಪಿಸಿದಳು. ಒಂದನೇ ತಾರೀಖು ತಲೆಯಲ್ಲಿ ಕೂತಿತ್ತು.

ಕೆಲಸ ಶುರುವಾದ ಎರಡನೇ ದಿನ ಬೆಳಿಗ್ಗೆ ಸತೀಶ ಇನ್ನೊಂದು ಕೆಲಸಕ್ಕೆಂದು ಯಲ್ಲಾಪುರಕ್ಕೆ ಹೋದ. ಗಾರೆ ಕೆಲಸದ ದ್ಯಾಮಪ್ಪ ಮತ್ತು ಇಬ್ಬರು ಆಳುಗಳು ಗೋಡೆ ಇಳಿಸುತ್ತಿದ್ದರು. ಹನ್ನೊಂದರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಗೋಡೆ ನೆಲ ಸೇರಿತ್ತು. ಚಹಾ ಕೊಡಲು ಬಂದ ದಾಕ್ಷಾಯಿಣಿ ಅಭ್ಯಾಸದಂತೆ ಮೇಲೆ ನೋಡಿದಳು. ಸ್ಲ್ಯಾಬಿನಲ್ಲಿ ಕೂದಲೆಳೆಯಂಥ ಒಂದು ಬಿರುಕು. ಬೆಳಿಗ್ಗೆ ಅದು ಇರಲಿಲ್ಲ.

ಸ್ಟೂಲು ಹತ್ತಿ, ಬಿರುಕು ಮುಗಿದಲ್ಲಿ ಇದ್ದಿಲಿನಿಂದ ಒಂದು ಗೆರೆ ಎಳೆದಳು. ಹಳೆಯ ಮೇಸ್ತ್ರಿಯೊಬ್ಬ ಹೀಗೆ ಮಾಡುವುದನ್ನು ಅವಳು ನೋಡಿದ್ದಳು. ಆಳುಗಳು ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಬಿರುಕು ಗೆರೆ ದಾಟಿ ನಾಲ್ಕು ಬೆರಳು ಮುಂದೆ ಹೋಗಿತ್ತು. ಉಳಿದ ಗೋಡೆಯ ತುದಿಯಿಂದ ಕೆಂಪು ಪುಡಿ ಸುರಿಯತೊಡಗಿತ್ತು.

“ಹಾರಿ ಕೆಳಗಿಡ್ರಿ! ಎಲ್ಲಾರೂ ಹೊರಗ ನಡೀರಿ!” ಅವಳ ದನಿ ಅವಳಿಗೇ ಹೊಸದಾಗಿ ಕೇಳಿತು. ಆಳೊಬ್ಬ ಮತ್ತೆ ಎತ್ತಿದ್ದ ಹಾರೆ ಇಳಿಯಿತು.

ಗಿರಿಜವ್ವ ಅಡುಗೆಮನೆಗೆ ಅಂಟಿದ ಮಲಗುವ ಕೋಣೆಯಲ್ಲಿ ಮಂಚದ ಮೇಲಿದ್ದಳು. ಮೊಣಕಾಲು ನೋವಿನವಳು. “ಏನಾಗೇತಿ ಅಂತ ಹಿಂಗ ಒದರ್ತಿ?” ಎಂದಳು. ಉತ್ತರ ಕೊಡದೆ ದಾಕ್ಷಾಯಿಣಿ ಅವಳ ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಒಬ್ಬ ಆಳು ಇನ್ನೊಂದು ಬದಿ ಹಿಡಿದ. ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದ ಮೇಲೆ ದಾಕ್ಷಾಯಿಣಿಗೆ ನೆನಪಾಯಿತು: ಆ ಗೋಡೆಯ ನೆತ್ತಿಯ ಮೇಲೇ ಸಾವಿರ ಲೀಟರಿನ ನೀರಿನ ಟ್ಯಾಂಕು. ಬೆಳಿಗ್ಗೆ ತಾನೇ ಮೋಟಾರು ಹಾಕಿ ತುಂಬಿಸಿದ್ದಳು.

ಬಚ್ಚಲಿನ ನಲ್ಲಿ, ಹಿತ್ತಲಿನ ನಲ್ಲಿ, ಎಲ್ಲ ತಿರುವಿದಳು. ನೀರು ಹರಿಯಿತು, ಆದರೆ ನಿಧಾನ. ಸತೀಶನಿಗೆ ಫೋನು ಹಚ್ಚಿದಳು, ಎತ್ತಲಿಲ್ಲ. ಲಾರಿ ಓಡಿಸುವ ಸುಭಾಷ್ ಆಗ ಅರಬೈಲ್ ಘಟ್ಟದಲ್ಲಿದ್ದ. ಕರೆ ಹೋಗಲೇ ಇಲ್ಲ.

“ಆಸರ ಕೊಡಾಕ ಕಂಬ ಬೇಕು ತಂಗಿ” ಎಂದ ದ್ಯಾಮಪ್ಪ.

ಕಂಬ ಇದ್ದದ್ದು ಎರಡು ಓಣಿಯಾಚೆ, ಪ್ರಮೋದ ಕಟ್ಟಿಸುತ್ತಿದ್ದ ಹೊಸ ಮನೆಯಲ್ಲಿ. ತಾನು ಬೇಡವೆಂದು ಕಳಿಸಿದವನ ಎದುರು ನಿಲ್ಲಬೇಕು. ಅವಳು ಬರಿಗಾಲಲ್ಲೇ ಓಡಿದಳು. “ಗೋಡಿ ಒಡದೇವ್ರಿ. ಸ್ಲ್ಯಾಬ್ ಬಿಡಾಕ ಹತ್ತೇತಿ” ಎಂದಷ್ಟೇ ಹೇಳಲು ಉಸಿರಿತ್ತು.

ಪ್ರಮೋದ ತಕ್ಷಣ ಎದ್ದ. ಗಾಡಿಗೆ ಹತ್ತು ಕಬ್ಬಿಣದ ಕಂಬ, ನಾಲ್ಕು ಹಲಗೆ ಹೇರಿಸಿದ. ಬಂದವನು ಬಾಗಿಲಲ್ಲೇ ನಿಂತು ಮೇಲೆ ನೋಡಿದ, ಟ್ಯಾಂಕಿನ ಬಗ್ಗೆ ಕೇಳಿದ. ನಲ್ಲಿಗಳೆಲ್ಲ ತೆರೆದಿವೆ ಎಂದಾಗ, “ಚಲೋ ಮಾಡೀರಿ” ಎಂದು ಪೈಪಿನ ಕೀಲು ಬಿಚ್ಚಿಸಿದ. ನೀರು ತಾರಸಿಯಿಂದ ಧೋ ಎಂದು ಅಂಗಳಕ್ಕೆ ಬಿತ್ತು. ಟ್ಯಾಂಕು ಬರಿದಾಗುವತನಕ ಯಾರನ್ನೂ ಒಳಗೆ ಬಿಡಲಿಲ್ಲ. ಆಮೇಲೆ ಅವನೂ ದ್ಯಾಮಪ್ಪನೂ ಇಬ್ಬರೇ ಹೋದರು.

ಉಳಿದವರು ಅಂಗಳದಲ್ಲೇ ಕಾದರು. ಕಂಬದ ತಿರುಪು ಬಿಗಿಯುವ ಕಿರ್ ಕಿರ್ ಸದ್ದು ಬರುತ್ತಿತ್ತು. ನಡುವೆ ಒಮ್ಮೆ ಧೊಪ್ಪನೆ ಏನೋ ಬಿತ್ತು. ಗಿರಿಜವ್ವ ಸೊಸೆಯ ಕೈ ಹಿಡಿದುಕೊಂಡಳು. ಬಿದ್ದದ್ದು ಗೋಡೆಯ ಒಂದು ಕಲ್ಲು ಮಾತ್ರ. ಮುಕ್ಕಾಲು ಗಂಟೆಯ ಮೇಲೆ ಇಬ್ಬರೂ ಹೊರಗೆ ಬಂದರು, ತಲೆಯೆಲ್ಲ ಕೆಂಪು ಧೂಳು.

“ನಿಂತೈತಿ” ಎಂದ ಪ್ರಮೋದ.

ದ್ಯಾಮಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ದಾಕ್ಷಾಯಿಣಿ ನೀರು ಕೊಟ್ಟಾಗ ತಲೆಯೆತ್ತದೆ ಹೇಳಿದ: “ಇದು ಭಾರ ಹೊತ್ತ ಗೋಡಿ ಅಂತ ನನಗ ನಿನ್ನೆನ ಗೊತ್ತಿತ್ತು ತಂಗಿ. ಹೇಳಿದ್ರ ಕೆಲಸ ಹೋಗತೈತಿ ಅಂತ ಸುಮ್ಮನಿದ್ದೆ.”

“ನನಗೂ ಗೊತ್ತಿತ್ತು, ದ್ಯಾಮಣ್ಣ” ಎಂದಳು ಅವಳು. ಅತ್ತೆ ಕೇಳುತ್ತಿದ್ದಾಳೆಂದು ಗೊತ್ತಿದ್ದೂ ಮುಂದುವರಿಸಿದಳು: “ಆರು ವರ್ಷ ಬುಟ್ಟಿ ಹೊತ್ತಾಕಿ ನಾನು.” ಗಿರಿಜವ್ವ ಕೈ ಚಾಚಿ ಮತ್ತೆ ಸೊಸೆಯ ಕೈ ಹಿಡಿದುಕೊಂಡಳು.

ಸಂಜೆ ಸತೀಶ ಬಂದ. “ಏನೂ ಆಗಿಲ್ಲಲ್ಲ ವೈನಿ, ನಾಳೆ ನಾನ ನಿಂತು ಮಾಡಿಸ್ತೀನಿ” ಎಂದ.

“ನಮ್ಮತ್ತಿ ಅಲ್ಲೇ ಮಲಗಿದ್ದರು, ಸತೀಶ. ನಿಮ್ಮ ಆಳುಗಳು ಆ ಸ್ಲ್ಯಾಬಿನ ಬುಡದಾಗ ಇದ್ದರು. ನೀವು ಇನ್ನ ಈ ಕೆಲಸಕ್ಕ ಬರೂದು ಬ್ಯಾಡ್ರಿ.” ಸುಭಾಷ್ ಬರಲಿ, ಅವನ ಹತ್ತಿರ ಮಾತಾಡುತ್ತೇನೆ ಎಂದ ಸತೀಶ. “ಮಾತಾಡ್ರಿ. ಅವರಿಗೂ ನಾನು ಇದನ್ನ ಹೇಳಾಕಿ” ಎಂದಳು.

ಬರುವ ತಿಂಗಳ ರೊಟ್ಟಿಯ ಕೆಲಸ ಬೇರೆಯವರ ಪಾಲಾಯಿತು. ಹಾಸ್ಟೆಲ್ಲಿನವರು ಆಮೇಲೆ ದಿನಕ್ಕೆ ನೂರು ರೊಟ್ಟಿಗಷ್ಟೇ ಒಪ್ಪಿದರು. ಕೆಲಸ ಮುಂದುವರಿಸಲು ಪ್ರಮೋದ ಒಪ್ಪಿಕೊಂಡ. ದ್ಯಾಮಪ್ಪನನ್ನೂ ಜೊತೆಗೆ ಸೇರಿಸಿಕೊಂಡ. ಇಂಜಿನಿಯರು ಬಂದು ನೋಡಿ ಬೀಮಿನ ಅಳತೆ ಕೊಟ್ಟು, ನಡುವೆ ಒಂದು ಕಂಬ ಬೇಕೇ ಬೇಕು ಎಂದರು. ನಾಲ್ಕು ಹೆಂಗಸರು ಕೂರಬೇಕಾದಲ್ಲಿ ಮೂವರಿಗಷ್ಟೇ ಜಾಗ ಉಳಿಯಿತು.

ಬೀಮ್ ಹಾಕಿ ಅದು ಗಟ್ಟಿಯಾದ ಮೇಲೆ, ಆಸರೆಯ ಕಂಬ ತೆಗೆಯುವ ದಿನ ಎಲ್ಲರೂ ಮತ್ತೆ ಅಂಗಳದಲ್ಲಿ ನಿಂತರು. ಸುಭಾಷ್ ಲಾರಿ ಬಿಟ್ಟು ಬಂದಿದ್ದ. ಒಂದೊಂದಾಗಿ ಹತ್ತೂ ಕಂಬ ಹೊರಗೆ ಬಂದವು. ಪ್ರಮೋದ ಹದಿನೈದು ನಿಮಿಷ ಕಾದು, ಟಾರ್ಚು ಹಿಡಿದು ಮೂಲೆಮೂಲೆ ನೋಡಿದ. “ಬರ್ರಿ ಅಕ್ಕಾರ” ಎಂದ.

ದಾಕ್ಷಾಯಿಣಿ ಒಬ್ಬಳೇ ಒಳಗೆ ಹೋಗಿ, ಬೀಮಿನ ಕೆಳಗೆ ನಿಂತು, ಬಹಳ ಹೊತ್ತು ಮೇಲೆ ನೋಡಿದಳು. ಆಮೇಲೆ ಕಸಬರಿಗೆ ತೆಗೆದುಕೊಂಡು ನೆಲ ಗುಡಿಸಲು ಶುರುಮಾಡಿದಳು.