ಖಾಲಾ ಕೂರಿಸಿದ ಆಕ್ಸಲ್

ಕಳೆದ ವಾರ ಜೇವರ್ಗಿಯ ಗ್ಯಾರೇಜೊಂದರಲ್ಲಿ ನನ್ನ ಹಳೆಯ ಕಾರಿನ ಕೆಳಗಿನಿಂದ ಗೇರ್ ಆಯಿಲ್ ವಾಸನೆ ಬಂತು. ಕೊಳೆತ ಬೆಳ್ಳುಳ್ಳಿಯಂಥ ಘಾಟು ಅದು. ಬೇರೆಯವರಾದರೆ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಕಣ್ಣು ತುಂಬಿ ಬಂತು. ಎಲ್ಲೆಂದರಲ್ಲಿ ಅಳುವ ವಯಸ್ಸಾಯಿತು ನಿನಗೆ ಎಂದು ನನ್ನನ್ನೇ ಬೈದುಕೊಂಡೆ. ಮಿಸ್ತ್ರಿ ಗಾಬರಿಯಾಗಿ ಸ್ಟೂಲ್ ತಂದು ಹಾಕಿದ. ಕೂತೆ...

ನಾನು ಅಫಜಲಪುರದಲ್ಲಿ ಹೈಸ್ಕೂಲಿನ ವಿಜ್ಞಾನ ಟೀಚರ್ ಆಗಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ಮುಸ್ಲಿಂ ಹೆಂಗಸಿದ್ದರು; ಓಣಿಗೆಲ್ಲ ಅವರು ಖಾಲಾ, ಎಂದರೆ ಚಿಕ್ಕಮ್ಮ. ಅವರ ಗಂಡ ಗಾಣಗಾಪುರಕ್ಕೆ ಬರುವ ಭಕ್ತರನ್ನು ಒಂದು ಸಣ್ಣ ಬಿಳಿ ಕಾರಿನಲ್ಲಿ ಓಡಾಡಿಸುತ್ತಿದ್ದರು. ರಿಪೇರಿಯೆಲ್ಲ ಮನೆಯ ಅಂಗಳದಲ್ಲೇ, ಅವರ ಕೈಯಿಂದಲೇ. ಒಂದು ದಿನ ಎರಡೂ ಆಕ್ಸಲ್ ಬಿಚ್ಚಿದರು. ಗೇರ್‌ಬಾಕ್ಸಿನಿಂದ ಹೊರಟು ಮುಂದಿನ ಗಾಲಿಗಳನ್ನು ತಿರುಗಿಸುವ ಎರಡು ಸರಳುಗಳು ಅವು. ಹರಿದ ರಬ್ಬರ್ ಬದಲಿಸಿ, ಹೊಸ ಗ್ರೀಸ್ ತುಂಬಿ, ಗೋಣಿಚೀಲದ ಮೇಲೆ ಇಟ್ಟರು. ನಾಳೆ ಜೋಡಿಸುತ್ತೇನೆ ಎಂದು ಕೈ ತೊಳೆದುಕೊಂಡು ಒಳಗೆ ಹೋದವರು ಮತ್ತೆ ಎದ್ದು ಬರಲಿಲ್ಲ. ಎದೆನೋವು ಬಂದಿತ್ತು.

ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಖಾಲಾ ಮನೆ ಬಿಟ್ಟು ಹೊರಡುವಂತಿರಲಿಲ್ಲ, ಹೊರಗಿನ ಗಂಡಸರ ಎದುರು ಬರುವಂತೆಯೂ ಇರಲಿಲ್ಲ. ಇದ್ದತ್ ಎನ್ನುತ್ತಾರೆ ಅದಕ್ಕೆ. ಅಷ್ಟೂ ದಿನ ಕಾರು ಅಂಗಳದಲ್ಲಿ ಮರದ ದಿಮ್ಮಿಗಳ ಮೇಲೆ ಕೂತಿತ್ತು. ಮೈದುನ ಒಳ್ಳೆಯವನೇ, ಆದರೆ ಅವಸರದ ಮನುಷ್ಯ. ಒಂದು ದಿನ ಬಾಗಿಲಾಚೆ ನಿಂತು ಹೇಳಿ ಹೋದ: "ಇದ್ದತ್ ಮುಗಿದ ಮರುದಿನ ಗುಜರಿಯವ ಬರ್ತಾನ ಭಾಭಿ. ಗಾಡಿ ಎಳಕೊಂಡು ಹೋಗ್ತಾನ. ಅಂಗಳ ಖಾಲಿ ಆಗ್ತದ."

ಅವತ್ತೇ ಖಾಲಾ ನನ್ನನ್ನು ಕರೆದರು.

"ಬೇಟಿ, ಈ ಗಾಡಿ ಹಂಗ ಎಳಸ್ಕೊಂಡು ಹೋಗಬಾರದು. ಇದ್ದತ್ ಮುಗಿದ ದಿನ ನಾ ಇದರಾಗೇ ಕೂತು ತವರಿಗೆ ಹೋಗ್ತೇನಿ. ನೀ ಹೊಡೀಬೇಕು."

ತವರು ಎಂದರೆ ಕರಜಗಿ. ನನ್ನ ಹತ್ತಿರ ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ. ನೀವು ಒಳಗೆ ಕೂತರೆ ಊರ ಗ್ಯಾರೇಜಿನ ಮಿಸ್ತ್ರಿ ಬಂದು ಅರ್ಧ ದಿನದಲ್ಲಿ ಜೋಡಿಸಿ ಹೋಗುತ್ತಾನೆ ಎಂದೆ. ಒಪ್ಪಲಿಲ್ಲ. "ಅವರು ಬಿಚ್ಚಿಟ್ಟದ್ದು. ನಾನೇ ಹಾಕ್ತೇನಿ" ಎಂದರು.

ಹೀಗಾಗಿ ಒಂದು ಭಾನುವಾರ ಮುಂಜಾನೆ ಅಂಗಳದ ಗೇಟಿಗೆ ಹಳೆಯ ಚಾದರ ಕಟ್ಟಿದೆವು. ಅದರಾಚೆ ಕಟ್ಟೆಯ ಮೇಲೆ ಮಿಸ್ತ್ರಿ ರಸ್ತೆಗೆ ಮುಖ ಮಾಡಿ ಕೂತು, ಚಹಾ ಕುಡಿಯುತ್ತ ಪಾಠ ಹೇಳಿದ. ಈಚೆ ನಾವಿಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾರಿನ ಬುಡದಲ್ಲಿ ಕೂತೆವು. ಮಕ್ಕಳಿಗೆ ಯಂತ್ರಗಳ ಪಾಠ ಮಾಡುವ ನನಗೆ ಯಾವ ಆಕ್ಸಲ್ ಯಾವ ಕಡೆಯದು ಎಂದೇ ತಿಳಿಯಲಿಲ್ಲ.

"ಗಿಡ್ಡದ್ದು ಎಡಕ್ಕ, ಉದ್ದಂದು ಬಲಕ್ಕ," ಖಾಲಾ ನಕ್ಕರು. "ಇಪ್ಪತ್ತು ವರ್ಷ ಅಡಗಿಮನಿ ಕಿಟಕಿಯಿಂದ ನಟ್ಟು ಬಿಚ್ಚೋ ಪಾನಾ ಕೊಟ್ಟೇನಿ ಬೇಟಿ. ಸುಮ್ಮ ಕೊಟ್ಟೇನೇನು?"

ಗೇರ್‌ಬಾಕ್ಸಿನ ತೂತಿಗೆ ದೂಳು ಹೋಗದಿರಲೆಂದು ಅವರ ಗಂಡ ಬಟ್ಟೆ ತುರುಕಿದ್ದರು. ಖಾಲಾ ಅದನ್ನು ಎಳೆದರು. ಅದೇ ಬೆಳ್ಳುಳ್ಳಿ ಘಾಟಿನ ಗೇರ್ ಆಯಿಲಿನಲ್ಲಿ ನೆನೆದಿದ್ದರೂ ಅಂಚಿನ ಹಸಿರು ಹೂವು ಕಾಣುತ್ತಿತ್ತು.

"ನನ್ನ ಓಢಣಿ! ಈದಿಗೆ ತಂದದ್ದು! ಮನಿ ತುಂಬ ಹುಡುಕ್ಯಾಡೀನಿ, ಕೇಳಿದ್ರ ನೋಡೇ ಇಲ್ಲ ಅಂದ್ರಲ್ರೀ!"

ಸತ್ತ ಗಂಡನಿಗೆ ಮನಸಾರೆ ಬೈದರು. ಬೈಯುತ್ತ ಬೈಯುತ್ತಲೇ ಆ ಎಣ್ಣೆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟರು. ಗಂಡ ಹೋದ ದಿನವೂ ಖಾಲಾ ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ನಾನೂ ಅತ್ತೆ.

ಆಮೇಲೆ ಗಿಡ್ಡ ಆಕ್ಸಲ್ ಎತ್ತಿ ಗೇರ್‌ಬಾಕ್ಸಿಗೆ ನೂಕಿದೆ.

"ಟಕ್ ಅಂತೇನ್ರೀ ಟೀಚರ್?" ಚಾದರದ ಆಚೆಯಿಂದ ಮಿಸ್ತ್ರಿ ಕೇಳಿದ. ಆಕ್ಸಲಿನ ತುದಿಯಲ್ಲಿ ತಂತಿಯ ಸಣ್ಣ ಬಳೆಯೊಂದಿರುತ್ತದೆ. ಅದು ಒಳಗಿನ ಕಚ್ಚಿನಲ್ಲಿ ಸರಿಯಾಗಿ ಕೂತರೆ ಮಾತ್ರ ಆ ಸದ್ದು. ಕೂರದಿದ್ದರೆ ಕಾರು ಓಡುವಾಗ ಆಕ್ಸಲ್ ಹೊರಗೆ ಬಂದುಬಿಡುತ್ತದೆ. ನನಗೆ ತೋಳು ಸೋತಿತ್ತು. ಹೂಂ, ಅಂತು ಎಂದು ಸುಳ್ಳು ಹೇಳಿದೆ.

"ಇಲ್ಲ," ಎಂದರು ಖಾಲಾ. "ಆ ಸಪ್ಪಳ ನಾ ಬಲ್ಲೆ. ಇದು ಅದಲ್ಲ."

ಹಿಡಿದು ಎಳೆದರು. ಆಕ್ಸಲ್ ಸೀದಾ ನನ್ನ ಮಡಿಲಿಗೆ ಬಂತು. ಟೀಚರ್ ಮಾನ ಅಲ್ಲಿಗೆ ಹೋಯಿತು. ಖಾಲಾ ತಾವೇ ಹಿಡಿದರು, ಸ್ವಲ್ಪ ತಿರುಗಿಸಿದರು, ಹಿಂದಿನ ಗೋಡೆಗೆ ಕಾಲು ಕೊಟ್ಟು ಒಮ್ಮೆಲೇ ದೂಡಿದರು. ಟಕ್. ಆಚೆಯಿಂದ ಶಾಬಾಸ್ ಎಂಬ ಕೂಗು ಬಂತು. ಬಲಗಡೆಯದೂ ಕೂತಿತು. ಎಣ್ಣೆ ತುಂಬಿದೆವು, ಗಾಲಿ ಹಾಕಿ ಕಾರು ಇಳಿಸಿದೆವು. ನಡುವಿನ ದೊಡ್ಡ ನಟ್ಟು ಬಿಗಿಯಲು ಪಾನಾಕ್ಕೆ ಪೈಪ್ ಸಿಕ್ಕಿಸಿ ಇಬ್ಬರೂ ಅದರ ಮೇಲೆ ನಿಂತೆವು.

ಇದ್ದತ್ ಮುಗಿದ ದಿನ ಮೈದುನ ತಾನೇ ಗೇಟು ತೆರೆದ. ಖಾಲಾ ಮುಂದಿನ ಸೀಟಿನಲ್ಲಿ ಕೂತರು. ಯಾವಾಗಲೂ ಭಕ್ತರಿಗೆ ಬಿಟ್ಟುಕೊಟ್ಟ ಸೀಟು ಅದು, ಅವರಿಗೆ ಹೊಸದು. ಗೇಟಿನಲ್ಲೇ ಎರಡು ಸಲ ಎಂಜಿನ್ ಬಂದ್ ಬೀಳಿಸಿದೆ. ಕಬ್ಬಿನ ಹೊಲಗಳ ನಡುವೆ ಕರಜಗಿಯವರೆಗೂ ಅವರು ಗಾಲಿಯ ಸಪ್ಪಳಕ್ಕೇ ಕಿವಿ ಕೊಟ್ಟಿದ್ದರು. ತವರಿನ ಬಾಗಿಲಲ್ಲಿ ನಿಲ್ಲಿಸಿದಾಗ ನನ್ನ ಕೈ ಹಿಡಿದರು... ಬಹಳ ಹೊತ್ತು ಬಿಡಲಿಲ್ಲ. ಗುಜರಿಯವನಿಗೆ ಬರಬೇಡ ಎಂದು ಮೈದುನನೇ ಹೇಳಿ ಕಳಿಸಿದ.

ನನಗೆ ಜೇವರ್ಗಿಗೆ ವರ್ಗವಾಯಿತು. ಎರಡು ವರ್ಷದ ಮೇಲೆ ಒಂದು ದಿನ ಖಾಲಾ ಫೋನ್ ಮಾಡಿದರು. "ಗಾಡಿ ಗುಜರಿಗೆ ಕೊಟ್ಟೆ ಬೇಟಿ." ಅಷ್ಟು ಕಷ್ಟಪಟ್ಟು ಜೋಡಿಸಿ ಹೀಗೇಕೆ ಮಾಡಿದಿರಿ ಎಂದು ರೇಗಿದೆ.

"ಅವತ್ತ ಮಂದಿ ಒಯ್ಯಾಕತ್ತಿದ್ರು. ಇವತ್ತ ನಾನೇ ಕೊಟ್ಟೆ."

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ನನಗೆ ಶಾಲೆಯಲ್ಲಿ ಬಂತು. ರಜೆ ಅರ್ಜಿ ಬರೆಯಲು ಕೂತೆ. ಮೃತರ ಜೊತೆಗಿನ ಸಂಬಂಧ ಎಂದು ಒಂದು ಸಾಲಿತ್ತು. ಪಕ್ಕದ ಮನೆಯವರು ಎಂದು ಬರೆದರೆ ಯಾರು ರಜೆ ಕೊಡುತ್ತಾರೆ? ಅರ್ಜಿ ಮಡಚಿಟ್ಟು ಮೂರು ಪೀರಿಯಡ್ ಪಾಠ ಮಾಡಿದೆ. ಮಣ್ಣಾಗುವ ಮೊದಲು ಮುಖ ನೋಡಲೂ ಹೋಗಲಾಗಲಿಲ್ಲ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಗ್ಯಾರೇಜಿನ ಮಿಸ್ತ್ರಿ ನೀರು ಕೊಟ್ಟು ಕೇಳಿದ, "ಯಾರರೆ ನೆನಪಾದ್ರೇನ್ರೀ ಟೀಚರ್?"

"ನಮ್ಮ ಖಾಲಾ ನೆನಪಾದರಪ್ಪಾ."

ಅವನು ನನ್ನ ಹಣೆಯ ಕುಂಕುಮ ನೋಡಿದ. "ಖಾಲಾ ಅಂದ್ರ... ನಿಮಗ ಏನಾಗಬೇಕ್ರೀ?"

"ನಮ್ಮವರು" ಎಂದೆ. ಅರ್ಜಿಯಲ್ಲಿ ಅಷ್ಟೇ ಬರೆದಿದ್ದರೂ ಆಗುತ್ತಿತ್ತು.