ಕಿರಾಣಿ ಅಜ್ಜನ ಎಡಗೈ

ಈ ಮುಂಜಾನೆ ಗದ್ವಾಲ್‌ನಲ್ಲಿ ಒಬ್ಬ ಮುದುಕರಿಗೆ ಆಮ್ಲಜನಕದ ಮಾಸ್ಕ್ ತೊಡಿಸುತ್ತಿದ್ದೆ. ಚೀಲದಿಂದ ಆಗತಾನೇ ತೆಗೆದ ಹೊಸ ಮಾಸ್ಕಿಗೆ ಒಂದು ಬಗೆಯ ಪ್ಲಾಸ್ಟಿಕ್ ವಾಸನೆ ಇರುತ್ತದೆ. ಅದರ ಜೊತೆಗೇ ಮುದುಕರ ಹಣೆಯ ಒದ್ದೆ ವಿಭೂತಿಯ ವಾಸನೆಯೂ ಬಂತು. ಸುಣ್ಣ ಬಳಿದ ಗೋಡೆಗೆ ನೀರು ಚಿಮುಕಿಸಿದರೆ ಬರುತ್ತದಲ್ಲ, ಹಾಗೆ. ಎರಡೂ ಕೂಡಿ ಮೂಗಿಗೆ ಬಂದೊಡನೆ ನನ್ನ ಕೈ ಒಂದು ಗಳಿಗೆ ನಿಂತಿತು. "ಏಮೈಂದಿ ಮೇಡಂ?" ಎಂದರು ಸಿಸ್ಟರ್. ಏನಿಲ್ಲ ಎಂದೆ. ಮಖ್ತಲ್‌ನ ಕಿರಾಣಿ ಅಜ್ಜ ನೆನಪಾದರು ಎಂದು ಆ ಹೊತ್ತಿನಲ್ಲಿ ಯಾರಿಗೆ ಹೇಳುವುದು...

ನನ್ನ ತಾಯಿಯ ತವರು ಮಖ್ತಲ್. ನಾವು ನಾರಾಯಣಪೇಟೆಯಲ್ಲಿ ತೆಲುಗು ಶಾಲೆಗೆ ಹೋಗುತ್ತಿದ್ದ ಮಕ್ಕಳು. ಕನ್ನಡ ನಮಗೆ ಪುಸ್ತಕದಿಂದ ಬಂದದ್ದಲ್ಲ, ರಜೆಗೆ ಹೋದಾಗ ಅಜ್ಜಿಯ ಒಲೆಯ ಮುಂದೆ ಕೂತು ಕಲಿತದ್ದು. ಅಲ್ಲಿ ಕಲಿಯದೆ ಉಳಿದದ್ದನ್ನು ಓಣಿಯ ತುದಿಯ ಕಿರಾಣಿ ಅಂಗಡಿಯ ಅಜ್ಜ ಕಲಿಸಿದರು. ಅವರ ಹಿರಿಯರು ರಾಯಚೂರು ಕಡೆಯಿಂದ ವ್ಯಾಪಾರಕ್ಕೆ ಬಂದು ನೆಲೆಸಿದವರು. ಗಿರಾಕಿಗಳ ಜೊತೆ ತೆಲುಗು, ಪೇಟೆಯವರ ಜೊತೆ ಉರ್ದು. ಆದರೆ ನಮ್ಮ ಅಜ್ಜಿಯ ಮನೆಯ ಕೂಸು ಅಂಗಡಿ ಕಟ್ಟೆ ಹತ್ತಿತೆಂದರೆ ಕನ್ನಡವೇ ಆಗಬೇಕು.

"ಬೆಲ್ಲಂ ಕೊಡ್ರಿ" ಎಂದು ನಾನು ಕೈ ಚಾಚಿದರೆ, ತಕ್ಕಡಿ ಹಿಡಿದವರು ಹಾಗೆಯೇ ಕೂತುಬಿಡುತ್ತಿದ್ದರು.

"ಬೆಲ್ಲಂ ನನ್ನ ಅಂಗಡ್ಯಾಗ ಸಿಗಂಗಿಲ್ಲವಾ. ಬೆಲ್ಲ ಬೇಕಾದ್ರ ಐತಿ ನೋಡು."

ನಾನು ಬೆಲ್ಲ ಎಂದ ಮೇಲೆಯೇ ತಕ್ಕಡಿ ಏಳುತ್ತಿತ್ತು. ಒಂದು ಚೂರು ಹೆಚ್ಚಿಗೆ ಮುರಿದು ನನ್ನ ಬಾಯಿಗೆ ಹಾಕುತ್ತಿದ್ದರು. ಅವರ ಕೊರಳಲ್ಲಿ ಬೆಳ್ಳಿಯ ಕರಡಿಗೆ ತೂಗುತ್ತಿತ್ತು. ಅದರೊಳಗೆ ಇಷ್ಟಲಿಂಗ. ದಿನಾ ಬೆಳಗ್ಗೆ ಸ್ನಾನ ಮಾಡಿ, ಅದನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುವವರೆಗೂ ಒಂದು ಗುಟುಕು ನೀರೂ ಅವರ ಬಾಯಿಗೆ ಹೋಗುತ್ತಿರಲಿಲ್ಲ. ನಮ್ಮ ಅಜ್ಜಿಯದೂ ಅದೇ ವ್ರತ. ಹಾಗಾಗಿ ನನಗೆ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಹಿರಿಯರೆಂದರೆ ಹೀಗೇ ಇರುವವರು ಎಂದುಕೊಂಡಿದ್ದೆ.

ವರ್ಷಗಳು ಹೋದವು. ಅಜ್ಜಿ ತೀರಿಹೋದರು, ಮನೆ ಮಾರಿದರು. ನಾನು ಡಾಕ್ಟರಾಗಿ ಬಂದಾಗ ಮೊದಲ ಕೆಲಸ ಸಿಕ್ಕಿದ್ದು ಅದೇ ಮಖ್ತಲ್‌ನ ಒಂದು ಸಣ್ಣ ಆಸ್ಪತ್ರೆಯ ತುರ್ತು ವಿಭಾಗದಲ್ಲಿ. ಕ್ರಿಸ್ಮಸ್ಸಿನಿಂದ ಸಂಕ್ರಾಂತಿಯವರೆಗೆ ಸಂಸಾರವಿರುವ ಡಾಕ್ಟರರೆಲ್ಲ ಒಬ್ಬೊಬ್ಬರಾಗಿ ಊರಿಗೆ ಹೊರಟರು. ಮದುವೆಯಾಗದವಳು ನಾನು. "ನಿನಗೇನಮ್ಮಾ, ಯಾವಾಗ ಬೇಕಾದರೂ ಹೋಗಬಹುದು" ಎಂದು ಎಲ್ಲರೂ ಪ್ರೀತಿಯಿಂದಲೇ ತಮ್ಮ ಡ್ಯೂಟಿಯನ್ನು ನನ್ನ ಮಡಿಲಿಗೆ ಹಾಕಿದರು.

ಹಬ್ಬದ ದಿನಗಳ ಕ್ಯಾಜುವಾಲ್ಟಿ ಹೇಗಿರುತ್ತದೆಂದು ಹೊರಗಿನವರಿಗೆ ಗೊತ್ತಿಲ್ಲ. ಪುಣೆ, ಮುಂಬೈಗೆ ದುಡಿಯಲು ಹೋದವರೆಲ್ಲ ಆಗಲೇ ಊರಿಗೆ ಬರುತ್ತಾರೆ. ಹಬ್ಬಕ್ಕೆ ಹೋದಾಗ ತೋರಿಸಿದರಾಯಿತು ಎಂದು ವರ್ಷವಿಡೀ ಕಟ್ಟಿಟ್ಟುಕೊಂಡ ಎದೆನೋವು, ಹೊಟ್ಟೆನೋವು, ವಾಸಿಯಾಗದ ಹುಣ್ಣು, ಎಲ್ಲವೂ ಒಂದೇ ವಾರದಲ್ಲಿ ನಮ್ಮ ಬಾಗಿಲಿಗೆ ಬರುತ್ತವೆ. ಗಾಳಿಪಟ ಹಾರಿಸಲು ಮಾಳಿಗೆ ಹತ್ತಿ ಬಿದ್ದವರು, ಗಾಜಿನ ಪುಡಿ ಹಚ್ಚಿದ ಮಾಂಜಾ ದಾರಕ್ಕೆ ಕೊರಳು ಕೊಯ್ದುಕೊಂಡ ಬೈಕಿನವರು, ತೊಗರಿ ರಾಶಿ ಮಾಡುವಾಗ ಚೇಳು ಕಡಿಸಿಕೊಂಡ ಹೆಂಗಸರು. ಒಬ್ಬ ರೋಗಿಯ ಹಿಂದೆ ಒಂದು ಟ್ರ್ಯಾಕ್ಟರ್ ತುಂಬ ನೆಂಟರು. ಅವರಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಎಲ್ಲವನ್ನೂ ಹೇಳಬೇಕು. ಚಹಾ ತರಿಸಿಕೊಂಡ ನೆನಪು ಬರುವಷ್ಟರಲ್ಲಿ ಅದರ ಮೇಲೆ ಕೆನೆ ಗಟ್ಟಿಯಾಗಿರುತ್ತಿತ್ತು. ಬೆಳಗಿನ ಬಸ್ಸಿನಲ್ಲಿ ನಾರಾಯಣಪೇಟೆಗೆ ಮರಳುವಾಗ ಕಿಟಕಿಯ ಕಬ್ಬಿಣಕ್ಕೆ ತಲೆಯಿಟ್ಟು ಮಲಗಿದರೆ, ಇಳಿಯುವ ಹೊತ್ತಿಗೆ ಹಣೆಯ ಮೇಲೆ ಗೆರೆ ಮೂಡಿರುತ್ತಿತ್ತು.

ಅಂಥ ಒಂದು ಮುಂಜಾನೆ, ನನ್ನ ಡ್ಯೂಟಿ ಮುಗಿಯಲು ಬಂದ ಹೊತ್ತಿಗೆ, ಕಿರಾಣಿ ಅಜ್ಜನನ್ನು ಆಟೋದಲ್ಲಿ ಕರೆತಂದರು. ಜೊತೆಗೆ ಅವರ ಸೊಸೆ. ಅಂಗಡಿ ನಡೆಸುತ್ತಿದ್ದದ್ದು ಆಗ ಆಕೆಯೇ. ಅಜ್ಜನಿಗೆ ಚಳಿಗಾಲ ಬಂತೆಂದರೆ ದಮ್ಮು ಏರುತ್ತಿತ್ತು. ಅಂದು ಏರಿದ್ದು ಇಳಿದಿರಲಿಲ್ಲ. ತುಟಿ ನೀಲಿಯಾಗಿತ್ತು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಮೂರು ಸಲ ಉಸಿರು ಎಳೆಯುತ್ತಿದ್ದರು.

ಔಷಧವನ್ನು ಆವಿ ಮಾಡಿ ಒಳಗೆ ಕಳಿಸುವ ನೆಬುಲೈಜರ್ ಹಚ್ಚಿದೆವು. ಅಜ್ಜ ಕಿತ್ತು ತೆಗೆದರು. ಸಿಸ್ಟರ್ ಮತ್ತೆ ಹಾಕಿದರು. ಮತ್ತೆ ತೆಗೆದರು.

"ಪೆದ್ದಾಯನಾ, ತೀಯೊದ್ದು!" ತೆಗೆಯಬೇಡಿ ಎಂದು ಸಿಸ್ಟರ್ ತೆಲುಗಿನಲ್ಲಿ ಗದರಿದರು.

"ಪೂಜಿ... ಆಗಿಲ್ಲ. ಬಾಯಾಗ... ಔಷಧ ಹೋಗತೈತಿ."

"ಮಾವಾ, ಜೀವ ಹೋಗಾಕ ಹತ್ತೈತಿ, ಈಗೇನ್ರಿ ಪೂಜಿ!" ಸೊಸೆ ಅಳುವ ದನಿಯಲ್ಲಿ ಬೈದಳು. "ದೇವರು ಒಂದಿನ ಸುಮ್ಮನಿರಂಗಿಲ್ಲೇನು?"

"ಅವಾ ಇರತಾನ. ನಾ... ಇರಂಗಿಲ್ಲ."

ಆ ಸ್ಥಿತಿಯಲ್ಲೂ ವಾದಕ್ಕೆ ಕಡಿಮೆಯಿರಲಿಲ್ಲ. ಅವರ ಕೈ ಹಿಡಿದು ನಾನು ಕೇಳಿದೆ: "ಅಜ್ಜಾ, ಸೂಜಿ ಚುಚ್ಚಿದ್ರ ನಡೀತೈತೇನ್ರಿ? ಅದು ಬಾಯಿಲೆ ಹೋಗಂಗಿಲ್ಲ."

ಕನ್ನಡ ಕೇಳಿ ನನ್ನತ್ತ ನೋಡಿದರು. ಸ್ವಲ್ಪ ಯೋಚಿಸಿ ತಲೆಯಾಡಿಸಿದರು.

"ಮತ್ತ ಇದರಾಗ ಬರೇ ಗಾಳಿ ಐತ್ರಿ, ಔಷಧ ಇಲ್ಲ. ಗಾಳಿಗೂ ಪೂಜಿ ಆಗಬೇಕೇನು?"

ಬರೇ ಆಮ್ಲಜನಕಕ್ಕೆ ಒಪ್ಪಿದರು. ಸೂಜಿಯೂ ಆಯಿತು. ಆಮೇಲೆ ನಾನು ಸೊಸೆಗೆ ಹೇಳಿ ಕರಡಿಗೆ ಬಿಚ್ಚಿಸಿ, ಒದ್ದೆ ಬಟ್ಟೆಯಿಂದ ಅಜ್ಜನ ಮುಖ, ತೋಳು ಒರೆಸಿ, ಹಣೆಗೆ ವಿಭೂತಿ ಹಚ್ಚಿದೆ. ಕಪ್ಪಗೆ ಮಿರುಗುವ ಆ ಲಿಂಗವನ್ನು ಅವರು ಎಡ ಅಂಗೈಯಲ್ಲಿ ಇಟ್ಟುಕೊಂಡರು. ನಡುಗುವ ಕೈಯ ಕೆಳಗೆ ನಾನು ಟ್ರೇ ಹಿಡಿದೆ. ಸೊಸೆ ನೀರೆರೆದಳು. ಅಜ್ಜ ಅದನ್ನೇ ದಿಟ್ಟಿಸಿ ನೋಡುತ್ತ ಕೂತರು. ವಿಚಿತ್ರವೆಂದರೆ ಉಸಿರು ಅಷ್ಟರಲ್ಲೇ ತುಸು ಹದಕ್ಕೆ ಬಂದಿತ್ತು. ಸೂಜಿಯ ಗುಣವೋ, ಅದೋ... ಮುಗಿದ ಮೇಲೆ ಆವಿಯ ಮಾಸ್ಕಿಗೆ ತಾವೇ ಮುಖ ಒಡ್ಡಿದರು.

ಬಸ್ಸು ಬಿಟ್ಟು ನಾನು ಅಲ್ಲೇ ಉಳಿದಿದ್ದೆ. ಮಧ್ಯಾಹ್ನದ ಹೊತ್ತಿಗೆ ಅಜ್ಜನ ಮಾತು ಸರಾಗವಾಯಿತು.

"ಯಾರ ಮನಿ ಕೂಸವಾ ನೀನು?"

ಅಜ್ಜಿಯ ಮನೆಯ ಗುರುತು ಹೇಳಿದೆ. ಕಣ್ಣು ಸಣ್ಣದು ಮಾಡಿ ನೋಡಿದರು. "ಅಯ್ಯ, ಬೆಲ್ಲಂ ಹುಡುಗಿ! ಡಾಕ್ಟರ್ ಆಗಿಯೇನು? ಕೊರಳಾಗ ಲಿಂಗ ಐತೋ ಇಲ್ಲೋ?"

ನಾನು ಕೊರಳಲ್ಲಿದ್ದ ಸ್ಟೆತಸ್ಕೋಪ್ ಎತ್ತಿ ತೋರಿಸಿದೆ. "ಸದ್ಯಕ್ಕ ಇದು ಐತ್ರಿ ಅಜ್ಜಾ."

ನಕ್ಕರು. ನಕ್ಕದ್ದು ಕೆಮ್ಮಾಗಿ, ಸಿಸ್ಟರ್ ನನ್ನನ್ನೇ ಗದರಿಸುವಂತಾಯಿತು.

ಅಜ್ಜನನ್ನು ವಾರ್ಡಿಗೆ ಸೇರಿಸಿಕೊಂಡೆವು. ಅಂದಿನಿಂದ ಅದೇ ಪದ್ಧತಿಯಾಯಿತು. ಮೊದಲು ಸೂಜಿ, ಆಮೇಲೆ ಪೂಜೆ, ಆಮೇಲೆ ಆವಿ. ಅಂಗಡಿ ತೆರೆಯುವ ಹೊತ್ತಾದ್ದರಿಂದ ಸೊಸೆಗೆ ಬೆಳಗ್ಗೆ ಬರಲಾಗುತ್ತಿರಲಿಲ್ಲ. ಡ್ಯೂಟಿ ಮುಗಿದ ಮೇಲೆ ನೀರೆರೆಯುವ ಕೆಲಸ ನನ್ನದಾಯಿತು. ಕಾಲು ಮರಗಟ್ಟಿರುತ್ತಿದ್ದವು, ಕಣ್ಣು ಉರಿಯುತ್ತಿದ್ದವು, ಬಸ್ಸು ತಪ್ಪುತ್ತಿತ್ತು. ಆದರೂ ದಿನದಲ್ಲಿ ಯಾರೂ ನನ್ನನ್ನು ಏನೂ ಕೇಳದ ಹೊತ್ತು ಅದೊಂದೇ. ಅಜ್ಜ ಅಂಗೈ ನೋಡುತ್ತಿದ್ದರು, ನಾನು ಅಜ್ಜನ ಎದೆಯ ಏರಿಳಿತ ನೋಡುತ್ತಿದ್ದೆ.

ಭೋಗಿಯ ಬೆಳಗ್ಗೆ ಆ ಎದೆ ಸೋಲುತ್ತಿರುವುದು ಕಂಡಿತು. ಸೂಜಿಗೆ ಬಗ್ಗಲಿಲ್ಲ, ಆವಿಗೆ ಬಗ್ಗಲಿಲ್ಲ. ಮಾತಾಡಿಸಿದರೆ ತೂಕಡಿಸಿ, ಬೆಚ್ಚಿ ಏಳುತ್ತಿದ್ದರು. ಉಸಿರಾಟದ ಯಂತ್ರಕ್ಕೆ ಹಾಕದೆ ಗತಿಯಿರಲಿಲ್ಲ, ಅದು ನಮ್ಮಲ್ಲಿರಲಿಲ್ಲ. ಕೃಷ್ಣೆಯ ಸೇತುವೆ ದಾಟಿದರೆ ರಾಯಚೂರು. ಅಂಗಡಿಯಿಂದ ಸೊಸೆಯನ್ನು ಕರೆಸಿ, ಕೂಡಲೇ ಕಳಿಸಬೇಕೆಂದೆ.

ಅಜ್ಜ ಮಂಚದ ಸರಳು ಹಿಡಿದುಕೊಂಡರು. "ಒಲ್ಲೆ."

"ಯಾಕ್ರಿ ಅಜ್ಜಾ?"

ಅವರಿಗೆ ಹೇಳಲಾಗಲಿಲ್ಲ. ಸೊಸೆ ಹೇಳಿದಳು. "ಇವರ ಅಣ್ಣಾರನ್ನ ಹೈದರಾಬಾದಿಗೆ ಒಯ್ದಿದ್ವಿರಿ. ಐಸಿಯು ಬಾಗಲದಾಗ ಮೈಮ್ಯಾಲಿಂದೆಲ್ಲಾ ತಗದು ಒಂದು ಚೀಲದಾಗ ಹಾಕಿ ಕೊಟ್ರು. ಲಿಂಗಾನೂ ಅದರಾಗ. ಬೆಳಗಾಗೂದರಾಗ ಹೋಗಿಬಿಟ್ರು. ಅಣ್ಣ ಒಳಗ, ಲಿಂಗ ಹೊರಗ. ಆ ಚೀಲ ಹಿಡಕೊಂಡು ಕುಂತವರು ಇವರ ನೋಡ್ರಿ. ಅದಕ್ಕ ಹೆದರತಾರ."

ಸಾಯುವುದಕ್ಕೆ ಅವರು ಹೆದರಿರಲಿಲ್ಲ. ಲಿಂಗ ಮೈಮೇಲಿಲ್ಲದೆ ಸಾಯುವುದಕ್ಕೆ ಹೆದರಿದ್ದರು. ತೆಗೆಯುವುದಿಲ್ಲ ಎಂದು ನಾನು ಮಾತು ಕೊಡಬಹುದಿತ್ತು. ಆದರೆ ಆ ಬಾಗಿಲಲ್ಲಿ ಇರುವವಳು ನಾನಲ್ಲ. ಕೊರಳಲ್ಲಿರುವುದನ್ನು ಅಲ್ಲಿಯವರು ತೆಗೆಯಲೇಬೇಕು. ಎದೆಗೆ ತಂತಿಗಳನ್ನು ಅಂಟಿಸಬೇಕು. ಹೊರಗೆ ಆಂಬ್ಯುಲೆನ್ಸಿನವನು ಹಾರ್ನ್ ಹೊಡೆಯುತ್ತಿದ್ದ.

ಡ್ರೆಸ್ಸಿಂಗ್ ಟ್ರಾಲಿ ಎಳೆದುಕೊಂಡೆ. "ಅಜ್ಜಾ, ಎಡಗೈ ಕೊಡ್ರಿ."

ಬೆಳ್ಳಿಯ ಕರಡಿಗೆಯನ್ನು ಸೊಸೆಗೆ ಕೊಟ್ಟೆ. ಲಿಂಗವನ್ನು ಅದರ ಬಟ್ಟೆಯ ಸಮೇತ ಅವರ ಎಡ ಅಂಗೈಯಲ್ಲಿಟ್ಟೆ. ಒತ್ತಿ ಹುಣ್ಣಾಗದಂತೆ ಸುತ್ತಲೂ ಹತ್ತಿ ಇಟ್ಟೆ. ಬೆರಳು ಮಡಿಚಿಸಿ, ಮುಂಗೈವರೆಗೆ ಬ್ಯಾಂಡೇಜು ಸುತ್ತಿದೆ, ಮೂಳೆ ಮುರಿದವರಿಗೆ ಸುತ್ತುವಂತೆ ಬಿಗಿಯಾಗಿ, ನೀಟಾಗಿ. ಬೆರಳ ತುದಿಗಳನ್ನು ಮಾತ್ರ ಹೊರಗೆ ಬಿಟ್ಟೆ. ಅಲ್ಲಿಯವರಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಲು ಒಂದು ಬೆರಳಾದರೂ ಬೇಕಲ್ಲ. ಡಾಕ್ಟರರು ಕಟ್ಟಿದ ಪಟ್ಟಿಯನ್ನು ಕಾರಣವಿಲ್ಲದೆ ಯಾವ ಡಾಕ್ಟರರೂ ಬಿಚ್ಚುವುದಿಲ್ಲ. ಅಷ್ಟು ನಮ್ಮ ಕಸುಬು ನನಗೆ ಗೊತ್ತಿತ್ತು.

ಅಜ್ಜ ಕಷ್ಟಪಟ್ಟು ಕಣ್ಣು ತೆರೆದು ಕೈ ನೋಡಿಕೊಂಡರು. ನಮ್ಮಲ್ಲಿ ಹೂಳುವಾಗಲೂ ಲಿಂಗವನ್ನು ಎಡ ಅಂಗೈಯಲ್ಲಿಟ್ಟೇ ಕೂರಿಸುತ್ತಾರೆ.

"ಈಗ... ತಯಾರಿ ಮಾಡಿದ್ಯಾ?" ಮಾಸ್ಕಿನೊಳಗಿಂದ ಬಂತು ಮಾತು. ತಮಾಷೆಯೋ, ನಿಜವಾಗಿ ಕೇಳಿದ್ದೋ.

"ಪೂಜಿ ಮಾಡೂದೂ ಅದ ಕೈಯಾಗ ಅಲ್ಲೇನ್ರಿ ಅಜ್ಜಾ?"

ಸರಳು ಬಿಟ್ಟರು. ಪಟ್ಟಿ ಕಟ್ಟಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು, "ನಡೀರಿ" ಎಂದರು. ರಾಯಚೂರಿನ ಡ್ಯೂಟಿ ಡಾಕ್ಟರಿಗೆ ನಾನು ಫೋನಿನಲ್ಲಿ ಎಲ್ಲ ಹೇಳಿದೆ. ರಕ್ತದೊತ್ತಡ, ಔಷಧ, ಕೊನೆಗೆ ಎಡಗೈ. ಆ ಕಡೆಯ ಹುಡುಗ ಮೊದಲು ನಕ್ಕ. ಆಮೇಲೆ, "ಆತ್ರಿ ಮೇಡಂ, ಅದನ್ನ ಮುಟ್ಟಂಗಿಲ್ಲ" ಎಂದ. ಅಷ್ಟರಲ್ಲಿ ಮಾಂಜಾ ದಾರ ಕೊಯ್ದ ಒಬ್ಬನನ್ನು ಎತ್ತಿಕೊಂಡು ಬಂದರು. ಆಂಬ್ಯುಲೆನ್ಸ್ ಗೇಟು ದಾಟಿದ್ದನ್ನು ನಾನು ನೋಡಲಿಲ್ಲ.

ಹಬ್ಬ ಕಳೆಯಿತು. ರಜೆಗೆ ಹೋದವರು ಎಳ್ಳು ಹೋಳಿಗೆಯ ಡಬ್ಬಿಗಳೊಂದಿಗೆ ಮರಳಿದರು. ಒಂದು ಮಧ್ಯಾಹ್ನ ಸೊಸೆ ಬಂದು ಕ್ಯಾಜುವಾಲ್ಟಿಯ ಬೆಂಚಿನ ಮೇಲೆ ಕೂತಳು. ಮುಖ ನೋಡಿದೊಡನೆ ತಿಳಿಯಿತು.

"ಎರಡು ದಿನ ಚಲೋ ಇದ್ರು. ಮಷೀನ್ ತಗೀತೀವಿ ಅಂದಿದ್ರು. ಆಮ್ಯಾಲ... ಹೃದಯ ನಿಂತಿತಂತ."

ನಾನು ಪಕ್ಕದಲ್ಲಿ ಕೂತೆ.

"ಪಟ್ಟಿ ಯಾರೂ ಬಿಚ್ಚಲಿಲ್ಲರಿ ಡಾಕ್ಟರಮ್ಮ. ಎಚ್ಚರ ಇದ್ದಾಗ ಆ ಕೈ ಎತ್ತೆತ್ತಿ ನೋಡಕೋತಿದ್ರಂತ, ಸಿಸ್ಟರ್ ಹೇಳಿದ್ರು. ಸಮಾಧಿ ಮಾಡೂ ಮುಂದ ಸ್ವಾಮಿಗಳು ಲಿಂಗ ಕೈಗಿಡಬೇಕು, ಇದನ್ನ ಕತ್ತರಸ್ರಿ ಅಂದ್ರು. ನಾ ಬ್ಯಾಡ ಅಂದೆ. ಕೈಯಾಗ ಐತಲ್ರಿ, ಮತ್ತ ತಗದು ಮತ್ತ ಇಡೂದು ಏನು? ಒಮ್ಮೆನೂ ಬಿಡಲಾರದ ಹೋಗ್ಯಾರ. ಹಂಗ ಹೋಗ್ಲಿ ಅಂದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಮ್ಮ ಪಟ್ಟಿ ಸಮೇತ ಇಟ್ವಿ."

ಅವಳು ಹೋದ ಮೇಲೆ ಇನ್ನೊಬ್ಬ ರೋಗಿ ಬಂದರು. ಎದ್ದೆ.

ಎಷ್ಟೋ ಚಳಿಗಾಲ ಕಳೆದಿವೆ. ಹೀಗೆ ದೊಡ್ಡ ಆಸ್ಪತ್ರೆಗೆ ಕಳಿಸಿದ ಅನೇಕರು ಬದುಕಿ ಬಂದಿದ್ದಾರೆ. ಅವರ ಮುಖಗಳು ನೆನಪಿಲ್ಲ. ಈಗ ನಾನು ಗದ್ವಾಲ್‌ನಲ್ಲಿದ್ದೇನೆ. ಹಬ್ಬದ ಡ್ಯೂಟಿ ಇಲ್ಲಿಯೂ ನನ್ನದೇ. ಮುಗಿಸಿ ನಾರಾಯಣಪೇಟೆಗೆ ಹೋಗುವಾಗ ಬಸ್ಸು ಮಖ್ತಲ್‌ನಲ್ಲಿ ನಿಲ್ಲುತ್ತದೆ. ಇಳಿದು ಹೋಗಲು ಅಲ್ಲಿ ಅಜ್ಜಿಯ ಮನೆಯಿಲ್ಲ; ಕಿರಾಣಿ ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ರಿಪೇರಿ ಬೋರ್ಡು ತೂಗುತ್ತದೆ. ಸೊಸೆ ಮಕ್ಕಳನ್ನು ಓದಿಸಲು ರಾಯಚೂರಿಗೆ ಹೋದಳಂತೆ. ಕಂಡಕ್ಟರ್ "ಮಖ್ತಲ್, ಮಖ್ತಲ್" ಎಂದು ಕೂಗುತ್ತಾನೆ. ನಾನು ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡೇ ಇರುತ್ತೇನೆ. ಪಕ್ಕದವರು, ಪಾಪ, ಮಲಗಿದ್ದಾರೆ ಎಂದುಕೊಂಡು ಮೆಲ್ಲಗೆ ದಾಟಿ ಇಳಿಯುತ್ತಾರೆ.

ನಿದ್ದೆ ಬಂದಿರುವುದಿಲ್ಲ.