ಸಿಸ್ಟರ ಪತ್ರೊಡೆಯಲ್ಲಿ ಅಪ್ಪನ ದನಿ

ಅಪ್ಪ ಪ್ರಸಿದ್ಧರಾದದ್ದು ಪಕ್ಕದ ಮನೆಯ ಅಡುಗೆಯಿಂದ. ಅವರು ಆ ಅಡುಗೆಯನ್ನು ತಿಂದವರೂ ಅಲ್ಲ, ಅದಕ್ಕೆ ಕೈ ಹಾಕಿದವರೂ ಅಲ್ಲ.

ಕೊಟ್ಟಾರದಲ್ಲಿ ಹೈವೇಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಗಿಡ್ಡ ಗೋಡೆಯಾಚೆ ಸಿಸ್ಟರ ಮನೆ. ಗಲ್ಫ್‌ನಲ್ಲಿ ನರ್ಸ್ ಆಗಿ ನಿವೃತ್ತರಾದ ಕೊಂಕಣಿ ಹೆಂಗಸು. ಓಣಿಯವರಿಗೆಲ್ಲ ಅವರು ಇವತ್ತಿಗೂ ಸಿಸ್ಟರೇ. ಅವರೂ ಅಮ್ಮನೂ ಒಂದೇ ಮಳೆಗಾಲದಲ್ಲಿ ಅಡುಗೆಯ ವಿಡಿಯೋ ಚಾನೆಲ್ ತೆರೆದರು. ಯಾರು ಮೊದಲು ಎಂದು ಕೇಳಬೇಡಿ. ಆ ವಿಷಯದಲ್ಲಿ ಎರಡು ಇತಿಹಾಸಗಳಿವೆ, ನಾನು ಊಟ ಮಾಡುವುದು ಒಂದು ಮನೆಯಲ್ಲಿ.

ಅಮ್ಮನಿಗೆ ಬೇಕಾಗಿದ್ದದ್ದು ಒಂದೇ. ಯಾರಾದರೂ ‘ಪತ್ರೊಡೆ ಮಾಡುವ ಕ್ರಮ’ ಎಂದು ಹುಡುಕಿದರೆ ಮೊದಲು ತನ್ನ ವಿಡಿಯೋ ಬರಬೇಕು. ಅವಳ ಫೋನಿನಲ್ಲಿ ಅದು ಯಾವಾಗಲೂ ಮೊದಲೇ ಬರುತ್ತಿತ್ತು.

“ನಿನ್ನ ಫೋನಿಗೆ ನಿನ್ನ ಗುಣ ಗೊತ್ತುಂಟು, ಹಾಗೆ ತೋರಿಸ್ತದೆ,” ಎಂದು ಒಮ್ಮೆ ಹೇಳಿ ಕೆಟ್ಟೆ. ಮರುದಿನದಿಂದ ಅಮ್ಮ ಪರರ ಫೋನುಗಳ ಬೆನ್ನು ಹತ್ತಿದಳು. ಗ್ಯಾಸ್ ತಂದವನು ಹುಡುಕಬೇಕು. ಜಾತಕ ತೋರಿಸಲು ಬಂದವರು ಕೂಡ, ಪುರೋಹಿತರಾದ ಅಪ್ಪ ಕವಡೆ ಹಾಕುವ ಮೊದಲು, ಪತ್ರೊಡೆ ಹುಡುಕಬೇಕು. ಮದುವೆ ಆಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿದ್ದ ಒಬ್ಬರು ಮರು ಮಾತಿಲ್ಲದೆ ಹುಡುಕಿ, “ಯಾರೋ ಸಿಸ್ಟರ್ ಬರ್ತಾರೆ,” ಎಂದರು. ಅವರಿಗೆ ಅಂದು ಕಾಫಿ ಸಿಗಲಿಲ್ಲ.

ಸಿಸ್ಟರ್ ಯಾಕೆ ಮುಂದೆ? ಅಮ್ಮ ಅವರ ವಿಡಿಯೋವನ್ನು ಶತ್ರುವಿನ ಕೋಟೆ ನೋಡುವ ಹಾಗೆ ನೋಡಿದಳು. ಕೆಸುವಿನ ಎಲೆಗೆ ಅಕ್ಕಿ ಹಿಟ್ಟು ಬಳಿಯುವುದು, ಸುತ್ತುವುದು, ಹಬೆಯಲ್ಲಿ ಬೇಯಿಸುವುದು, ಎಲ್ಲ ಒಂದೇ. ಕೊನೆಗೆ ಸಿಸ್ಟರ್ ಪಾತ್ರೆ ಇಳಿಸಿ, “ಇನ್ನು ತಣಿಯುವವರೆಗೆ ಇದನ್ನು...” ಎನ್ನುತ್ತಾರೆ. ಅಷ್ಟರಲ್ಲಿ ಕಿಟಕಿಯಾಚೆಯಿಂದ ಒಂದು ಗಂಡು ದನಿ ಗುಡುಗುತ್ತದೆ: “ಮುಟ್ಟೊಡ್ಚಿ!”

ತುಳುವಿನಲ್ಲಿ, ಮುಟ್ಟಬಾರದು! ಅದು ಅಪ್ಪ.

ಅಪ್ಪ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ, ಮಡಿಯಲ್ಲಿ, ಒದ್ದೆ ಪಂಚೆಯಲ್ಲಿ ಗೋಡೆಯ ಪಕ್ಕದಿಂದ ದೇವರ ಕೋಣೆಗೆ ಬರುತ್ತಾರೆ. ಸಿಸ್ಟರ್ ಒಣಗಲು ಹಾಕಿದ ಬಟ್ಟೆಗಳು ಗಾಳಿಗೆ ಗೋಡೆ ದಾಟುತ್ತವೆ. ಬಟ್ಟೆಗೆ, ಕಾಗೆಗೆ, ಬೆಕ್ಕಿಗೆ, ಪೇಪರಿನವನಿಗೆ, ಎಲ್ಲರಿಗೂ ಸೇರಿಸಿ ಅಪ್ಪ ಕೂಗುವ ಒಂದೇ ಮಾತು ಅದು. (ಆ ವಿಡಿಯೋದಲ್ಲಿ ಬೆಕ್ಕು ಗೋಡೆ ಹಾರುವುದು ನನಗೆ ಸ್ಪಷ್ಟವಾಗಿ ನೆನಪಿದೆ. ಮೊನ್ನೆ ಮತ್ತೆ ನೋಡಿದೆ, ಬೆಕ್ಕು ಇಲ್ಲ. ಇರಲಿ, ಬೆಕ್ಕನ್ನು ನಾನು ತೆಗೆಯುವುದಿಲ್ಲ.)

ಜನ ಹುಚ್ಚೆದ್ದರು. ಕಿಟಕಿಯಾಚೆಯ ಅಂಕಲ್ ಯಾರು ಎಂದು ಕೇಳಿದರು. ‘ಪತ್ರೊಡೆ’ ಎಂದು ಬರೆಯತೊಡಗಿದರೆ ಸಾಕು, ಹುಡುಕುವ ಪಟ್ಟಿಯೇ ‘ಪತ್ರೊಡೆ ಮುಟ್ಟೊಡ್ಚಿ’ ಎಂದು ಪೂರ್ತಿ ಮಾಡಿಕೊಡುತ್ತಿತ್ತು.

“ನನ್ನ ಗಂಡನನ್ನು ಇಟ್ಟುಕೊಂಡು ನನ್ನನ್ನೇ ಸೋಲಿಸಿದಳಲ್ಲ!” ಎಂದಳು ಅಮ್ಮ. ಆ ವಾಕ್ಯ ಓಣಿಯಲ್ಲಿ ಕೇಳಿದವರಿಗೆ ಬೇರೆ ಅರ್ಥ ಬರಬಹುದೆಂದು ನಾನು ಬಾಗಿಲು ಹಾಕಿದೆ.

ಅಪ್ಪನ ಕೂಗು ನಮ್ಮ ಅಡುಗೆಮನೆಯಲ್ಲೂ ಬೇಕೆಂದಾಯಿತು. ಆದರೆ ಬೆಳಗಿನ ಅಡುಗೆಗೆ ಅಮ್ಮನೂ ಮಡಿಯಲ್ಲೇ ಇರುವುದರಿಂದ ಅಲ್ಲಿ ಯಾರಿಗೆ ಕೂಗುವುದು? ಅಮ್ಮ ಒತ್ತಾಯಿಸಿದಳು. ವಾಮಂಜೂರಿನ ಕಾಲೇಜಿನಲ್ಲಿ ಪಾಠ ಮಾಡುವ ನಾನು ರಜೆ ಹಾಕಿ ಕ್ಯಾಮರಾ ಹಿಡಿದೆ. ಅಮ್ಮ ಕಣ್ಸನ್ನೆ ಮಾಡಿದಳು. ಅಪ್ಪ ಕ್ಯಾಮರಾವನ್ನೇ ನೋಡುತ್ತ, ಮದುವೆ ಮಂಟಪದಲ್ಲಿ ವರನಿಗೆ ಮಂತ್ರ ಹೇಳಿಕೊಡುವಂತೆ ಬಿಡಿಸಿ ಬಿಡಿಸಿ ಹೇಳಿದರು: “ಮುಟ್... ಟೊಡ್... ಚಿ.”

“ಸಿಟ್ಟು ಬರ್ಲಿಕ್ಕೆ ಎಂತ ಮಾಡ್ಬೇಕು ನಿಮಗೆ?”

“ಯಾರೂ ಮುಟ್ಟದೆ ಸಿಟ್ಟು ಹೇಗೆ ಬರುದು ಮಾರಾಯ್ತಿ?”

ಕೊನೆಗೆ ಅಮ್ಮ ಗೋಡೆಯ ಬಳಿ ಹೋದಳು. ಅಲ್ಲಿ ನಡೆದ ಮಾತು ನನಗೆ ಕೇಳಿಸಿತ್ತು, ಅಥವಾ ಅಮ್ಮ ಆಮೇಲೆ ಹೇಳಿದ್ದೇ ಈಗ ಕೇಳಿಸಿದ ಹಾಗೆ ಇದೆ.

“ಸಿಸ್ಟರ್, ನಾಳೆ ನಿಮ್ಮ ಹಿತ್ತಲಲ್ಲಿ ನಾನು ಅಡುಗೆ ಮಾಡ್ಲಾ? ಒಲೆ, ಪಾತ್ರೆ ಎಲ್ಲ ನಂದೇ.”

“ಭಟ್ರ ಬೊಬ್ಬೆ ಬೇಕಲ್ವಾ ನಿಮಗೆ?” ಸಿಸ್ಟರ್ ನಕ್ಕರು. “ಅಕ್ಕ, ಅವರು ನನ್ನ ಚಾನೆಲ್‌ನ ಆರ್ಟಿಸ್ಟ್.”

“ನನ್ನ ಗಂಡ ಅವರು.”

“ಅದು ಬೇರೆ ಡಿಪಾರ್ಟ್‌ಮೆಂಟ್.”

ನಮ್ಮ ಹಲಸಿನ ಮರಕ್ಕೆ ಹಬ್ಬಿದ ಮರಕೆಸುವಿನ ಎಲೆ ಒಂದು ಕಟ್ಟು ಕೊಡುವುದೆಂದು ಒಪ್ಪಂದವಾಯಿತು. ಅಪ್ಪನಿಗೆ ಏನೂ ಹೇಳಬಾರದೆಂದೂ ಆಯಿತು. ಹೇಳಿದರೆ ಮತ್ತೆ ಮಂತ್ರ ಶುರುವಾದೀತು.

ಮರುದಿನ ಸಿಸ್ಟರ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅಮ್ಮ ಒಲೆ ಹೂಡಿದಳು. ಪತ್ರೊಡೆ ಹಬೆಯಲ್ಲಿತ್ತು. ಬಾವಿಯ ರಾಟೆಯ ಸದ್ದು ನಿಂತಿತು. ಒದ್ದೆ ಪಂಚೆ ಗೋಡೆಯ ಪಕ್ಕ ಬಂತು. ನಾನು ಕ್ಯಾಮರಾ ಹಿಡಿದೇ ಇದ್ದೆ. ಅಪ್ಪ ಸಿಸ್ಟರ ಬಟ್ಟೆಯತ್ತ ಕಣ್ಣು ಕೆಂಪು ಮಾಡಿ ಬಾಯಿ ತೆರೆದರು. ಆಗ ಗೋಡೆಯಾಚೆ ಸ್ವಂತ ಹೆಂಡತಿ ಕಂಡಳು.

“ನೀನು ಅಲ್ಲಿ ಎಂತ ಮಾಡುದು? ಪೂಜೆ ಆದ ಮೇಲೆ ನನಗೆ ಕಾಫಿ ಯಾರು ಕೊಡುದು?”

ಅವರು ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ಬರುವಾಗ ಅರ್ಧ ಖಾರ ಇಳಿದುಹೋಗಿದೆ.

ಅಮ್ಮ ಕ್ಯಾಮರಾದಿಂದ ಕಣ್ಣು ಕದಲಿಸದೆ ನಗುತ್ತಲೇ, “ಕಾಫಿ ಹುಡಿ ಮೇಲಿನ ಶೆಲ್ಫಿನಲ್ಲಿ ಉಂಟು, ಹಾಲು ಫ್ರಿಜ್ಜಿನಲ್ಲಿ. ನೀವೇ ಮಾಡಿ,” ಎಂದಳು. ಹಿಂದಿನಿಂದ ಸಿಸ್ಟರ್, “ಭಟ್ರೇ, ಸಕ್ಕರೆ ಕಮ್ಮಿ ಹಾಕಿ, ಶುಗರ್ ಉಂಟು ನಿಮಗೆ,” ಎಂದು ಸೇರಿಸಿದರು. ಅಪ್ಪ ಯಾರಿಗೂ ಮುಟ್ಟಬೇಡಿ ಎನ್ನದೆ, ಯಾರನ್ನೂ ನೋಡದೆ ಒಳಗೆ ಹೋದರು.

ಅಮ್ಮ ಆ ವಿಡಿಯೋದಲ್ಲಿ ಒಂದು ತುಂಡನ್ನೂ ಕತ್ತರಿಸಲು ಬಿಡದೆ ಹಾಗೆಯೇ ಚಾನೆಲ್‌ಗೆ ಹಾಕಿಸಿದಳು. ಆ ವಾರವಿಡೀ ವಾಮಂಜೂರಿನ ಸ್ಟಾಫ್ ರೂಮಿನಲ್ಲಿ ನನ್ನನ್ನು ಕಂಡವರೆಲ್ಲ ಕಾಫಿ ಯಾರು ಕೊಡುವುದೆಂದು ವಿಚಾರಿಸಿದರು.

ಪಾರ್ಸೆಲ್ ತಂದ ಹುಡುಗಿಯ ಫೋನಿನಲ್ಲಿ ಅಮ್ಮ ಹುಡುಕಿಸಿದಳು.

“ನೀವೇ ಫಸ್ಟ್ ಆಂಟಿ!”

ಅಮ್ಮ ಫೋನನ್ನು ಕೈಗೆ ತೆಗೆದುಕೊಂಡು, ಜಗಲಿಯಲ್ಲಿ ಕುಳಿತು, ಕೆಳಗಿನ ಅಭಿಪ್ರಾಯಗಳನ್ನು ಒಂದೊಂದಾಗಿ ಓದಿದಳು. ಎಲ್ಲ ಕಾಫಿಯದ್ದೇ. ಎಲೆಯ ಬಗ್ಗೆ ಇಲ್ಲ, ಹಿಟ್ಟಿನ ಬಗ್ಗೆ ಇಲ್ಲ, ಹುಳಿ ಎಷ್ಟು ಹಾಕಬೇಕೆಂದು ಕೇಳಿದವರಿಲ್ಲ. ‘ಪಾಪ, ಆಮೇಲೆ ಅಂಕಲ್‌ಗೆ ಕಾಫಿ ಸಿಕ್ಕಿತಾ?’ ಎಂದು ಯಾರೋ ಬರೆದಿದ್ದರು.

ಹುಡುಗಿಯ ಫೋನನ್ನು ಹಿಂದಕ್ಕೆ ಕೊಟ್ಟು, ತನ್ನ ಫೋನಿನಲ್ಲಿ ಅದೇ ಪ್ರಶ್ನೆಯನ್ನು ಹುಡುಕಿ ತೆಗೆದು, ಅಮ್ಮ ಒಂದು ಬೆರಳಿನಲ್ಲಿ ನಿಧಾನವಾಗಿ ಉತ್ತರ ಬರೆದಳು: ‘ಇಲ್ಲ. ಪತ್ರೊಡೆ ಇನ್ನೂ ಬೇಯುತ್ತಾ ಇತ್ತು.’